ದೋಣಿ ಬದಲಾಗಲಿ, ಸಮಾನತೆ ಬದಲಾಗದಿರಲಿ



ಇಂದಿನ ಧಮ್ಮ ಚಿಂತನೆ

ಎರಡು ತೆಳು ದೋಣಿಗಳನ್ನು ಜೋಡಿಸಿ ಹಾಯಿ ಏರಿಸಿದರೆ ಅದು ಕ್ಯಾಟಮರಾನ್. ತಮಿಳಿನ ‘ಕಟ್ಟುಮರಂ’ನಿಂದ ಬಂದ ಹೆಸರು, ಅಂದರೆ ಕಟ್ಟಿದ ಮರ. ಇವುಗಳ ಪಂದ್ಯದಲ್ಲಿ ‘ಒನ್ ಡಿಸೈನ್’ ಎಂಬ ಪದ್ಧತಿ ಇದೆ. ಎಲ್ಲರ ದೋಣಿಗೂ ಒಂದೇ ವಿನ್ಯಾಸ, ಒಂದೇ ಅಳತೆ. ಹಣವಂತ ವೇಗವನ್ನು ಕೊಂಡುಕೊಳ್ಳುವಂತಿಲ್ಲ. ಗೆಲುವು ಗಾಳಿ, ನೀರು ಅರಿತವರದು.

ಹಾಗಾದರೆ ಏನನ್ನೂ ಬದಲಿಸಬಾರದೇ?

ಅಮೆರಿಕದ ಹೋಬಿ ಆಲ್ಟರ್ ರೂಪಿಸಿದ ‘ಹೋಬಿ 16’ ಐವತ್ತು ವರ್ಷ ದಾಟಿದರೂ ಅದೇ ಆಕಾರದಲ್ಲಿದೆ. ಆದರೆ ಅದರ ಅಲ್ಯೂಮಿನಿಯಂ ಕಂಬ ವಿದ್ಯುತ್ ತಂತಿಗೆ ತಗುಲಿದರೆ ಪ್ರಾಣಕ್ಕೇ ಅಪಾಯ ಎಂದು ಕಂಡಾಗ, ಕಂಬದ ಮೇಲ್ಭಾಗವನ್ನು ವಿದ್ಯುತ್ ಹರಿಯದ ವಸ್ತುವಿನಿಂದ ಮಾಡಿದರು. ಜೀವಕ್ಕಿಂತ ನಿಯಮ ದೊಡ್ಡದಾಗಲಿಲ್ಲ.

1967ರಲ್ಲಿ ಬ್ರಿಟನ್ನಿನ ರಾಡ್ನಿ ಮಾರ್ಚ್ ವಿನ್ಯಾಸಗೊಳಿಸಿದ ‘ಟೊರ್ನಾಡೊ’ 1976ರಿಂದ 2008ರವರೆಗೆ ಒಲಿಂಪಿಕ್ಸ್‌ನಲ್ಲಿತ್ತು. 2000ದ ಒಲಿಂಪಿಕ್ಸ್ ನಂತರ ಅದಕ್ಕೆ ಇನ್ನೊಂದು ದೊಡ್ಡ ಹಾಯಿ ಸೇರಿತು. ನಿಯಮ ಎಲ್ಲರಿಗೂ ಒಂದೇ. ಆದರೆ ಹೊಸ ಹಾಯಿಗೆ ಹಣ ಬೇಕಲ್ಲವೇ? ಅದನ್ನು ಹೊಂದಿಸಲಾಗದವನು ದಡದಲ್ಲೇ ಉಳಿದರೆ, ಕಾಗದದ ಮೇಲಿನ ಸಮಾನತೆಯಿಂದ ಅವನಿಗೇನು ಲಾಭ? ಮುಂದೆ ಒಲಿಂಪಿಕ್ಸ್‌ನಿಂದ ಕೈಬಿಟ್ಟರೂ ಟೊರ್ನಾಡೊ ಸಾಯಲಿಲ್ಲ. ಅದನ್ನು ಪ್ರೀತಿಸುವವರು ಇಂದಿಗೂ ಕೂಡಿ ಪಂದ್ಯ ನಡೆಸುತ್ತಾರೆ. ಉಳಿಸಿದ್ದು ಪದಕವಲ್ಲ, ಕೂಟ.

ಸಂಘದ ಮುಂದೆಯೂ ಈ ಪ್ರಶ್ನೆ ಬಂದಿತ್ತು. ತನ್ನ ನಂತರ ಸಂಘ ಬಯಸಿದರೆ ಸಣ್ಣಪುಟ್ಟ ನಿಯಮಗಳನ್ನು ಕೈಬಿಡಬಹುದು ಎಂದು ಭಗವಾನ್ ಬುದ್ಧರು ಆನಂದನಿಗೆ ಹೇಳಿದ್ದರು. ರಾಜಗೃಹದ ಮೊದಲ ಸಂಗೀತಿಯಲ್ಲಿ ಯಾವುದು ಸಣ್ಣದು ಎಂದೇ ತೀರ್ಮಾನವಾಗದೆ, ಭಿಕ್ಖುಗಳು ಒಂದನ್ನೂ ಬಿಡಲಿಲ್ಲ. ಸಣ್ಣದು ಯಾವುದು, ಮೂಲ ಯಾವುದು? ಬಾಬಾಸಾಹೇಬರು 1936ರ ‘ಜಾತಿ ವಿನಾಶ’ದಲ್ಲಿ ದಾರಿ ತೋರಿದ್ದಾರೆ: ನಿಯಮ ಬೇರೆ, ತತ್ವ ಬೇರೆ. ನಿಯಮ ಹೀಗೇ ಮಾಡು ಎನ್ನುತ್ತದೆ. ತತ್ವ ಯೋಚಿಸಿ ಮಾಡು ಎನ್ನುತ್ತದೆ, ಹೊಣೆಯನ್ನು ನಮಗೇ ಬಿಡುತ್ತದೆ.

ನಮ್ಮ ವಿಹಾರಗಳಲ್ಲೂ ಇದೇ ಅಳತೆಗೋಲು ಇರಲಿ. ವಂದನೆಯ ಹೊತ್ತು ಬದಲಿಸಿದರೆ ಕೂಲಿಗೆ ಹೋಗುವ ತಾಯಂದಿರು ಬರುವಂತಾಗುತ್ತದೆಯೇ? ಬದಲಿಸೋಣ. ಪಾಲಿ ಗಾಥೆಯ ಜೊತೆ ಕನ್ನಡದ ಅರ್ಥ ಹೇಳಿದರೆ ಮಕ್ಕಳಿಗೆ ತಿಳಿಯುತ್ತದೆಯೇ? ಹೇಳೋಣ. ಮದುವೆಗೆ ದುಬಾರಿ ಮಂಟಪ ರೂಢಿಯಾಗಿ ಬಡವರು ಸಾಲಕ್ಕೆ ಬೀಳುತ್ತಾರೆಯೇ? ಆ ಬದಲಾವಣೆ ಬೇಡ. ಪಂಚಶೀಲ ಮತ್ತು ಹುಟ್ಟಿನಿಂದ ಯಾರೂ ಮೇಲಲ್ಲ ಎಂಬ ಮಾತು ಮಾತ್ರ ಯಾವ ಕಾಲಕ್ಕೂ ಸಡಿಲವಾಗಬಾರದು.

ಬುದ್ಧರು ಧಮ್ಮವನ್ನು ತೆಪ್ಪಕ್ಕೆ ಹೋಲಿಸಿದರು. ತೆಪ್ಪವೂ ಕಟ್ಟಿದ ಮರವೇ. ಹಗ್ಗ ಹಳತಾದರೆ ಹೊಸದು ಕಟ್ಟಬಹುದು, ಆದರೆ ಯಾರೊಬ್ಬರನ್ನೂ ದಡದಲ್ಲಿ ಬಿಟ್ಟು ಹೊರಡಬಾರದು.

ಇಂದು ಯೋಚಿಸೋಣ: ನಮ್ಮ ಊರಿನ ವಿಹಾರಕ್ಕೆ ಬರಲಾಗದೆ ದಡದಲ್ಲಿ ಉಳಿದವರು ಯಾರು?

ಭವತು ಸಬ್ಬ ಮಂಗಲಂ. ಜೈ ಭೀಮ್.