ಕೈಯಲ್ಲಿ ಕೊಡುವ ಹಣವೂ ಖಾತೆಗೆ ಬರುವ ಹಣವೂ



ಹೆಂಡತಿಯನ್ನು ಬಿಟ್ಟು ಬೇರೆ ಇರುವ ತಂದೆಯು ತನ್ನ ಮಗುವಿನ ಅನ್ನಬಟ್ಟೆಗಾಗಿ ತಿಂಗಳು ತಿಂಗಳು ಕೊಡತಕ್ಕ ಹಣಕ್ಕೆ ಜೀವನಾಂಶವೆಂದು ಹೆಸರು. ಈ ಹಣವನ್ನು ತಾಯಿಯ ಕೈಯಲ್ಲಿ ಎಣಿಸಿ ಕೊಡುವದು ಒಳ್ಳೇದೋ, ಅವಳ ಬ್ಯಾಂಕಿನ ಖಾತೆಗೆ ನೇರವಾಗಿ ಕಟ್ಟುವದು ಒಳ್ಳೇದೋ ಎಂಬದು ಮೊದಲ ನೋಟಕ್ಕೆ ಗುಮಾಸ್ತರು ಯೋಚಿಸತಕ್ಕ ಸಂಗತಿಯಾಗಿ ಕಾಣುವದು. ಸ್ವಲ್ಪ ಆಳವಾಗಿ ನೋಡಿದರೆ ಇದು ತಂದೆತನದ ವಿಷಯವಾದ ಪ್ರಶ್ನೆಯೇ ಸರಿ.

ನಮ್ಮ ಬಳ್ಳಾರಿ ಸೀಮೆಯಲ್ಲಿ ಹಿಂದಿನಿಂದ ನಡೆದು ಬಂದ ರೀತಿಗಳು ಎಲ್ಲರಿಗೂ ಗೊತ್ತುಂಟು. ಗಂಡಹೆಂಡರು ಅಗಲಿದರೆ ಸಭೆಯ ಹಿರಿಯರಾಗಲಿ ಊರ ದೈವದವರಾಗಲಿ ಕೂತು ಇಷ್ಟು ರೂಪಾಯಿ ಎಂದು ಗೊತ್ತು ಮಾಡುವರು. ಆ ಹಣವು ಒಬ್ಬ ಹಿರಿಯನ ಕೈಯಿಂದಲೋ ಟಪಾಲಿನ ಮನಿಆರ್ಡರಿನಿಂದಲೋ ಬರುವದು. ಅದು ನಿಂತುಹೋದರೆ ತಾಯಿಯು ಸಿರುಗುಪ್ಪದ ಇಲ್ಲವೆ ಬಳ್ಳಾರಿಯ ನ್ಯಾಯಸ್ಥಾನದ ಮೆಟ್ಟಲು ಹತ್ತುವಳು. ವಾಯಿದೆಯ ದಿವಸ ಅವನು ಬಂದರೆ ಹಣ ಉಂಟು, ಬಾರದಿದ್ದರೆ ಮುಂದಿನ ವಾಯಿದೆ. ಕುರುಗೋಡಿನ ಕಡೆಯ ಹಳ್ಳಿಯಿಂದ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಬಸ್ಸು ಹತ್ತಿದ ಕೂಲಿಯವಳಿಗೆ ಆ ದಿನದ ಕೂಲಿ ಹೋಯಿತು, ಬಸ್ಸಿನ ದುಡ್ಡೂ ಹೋಯಿತು. ಹಿರಿಯರ ಮುಖಾಂತರ ಬರುವ ಹಣಕ್ಕೆ ಮತ್ತೊಂದು ತೆರಿಗೆ ಉಂಟು; ಅದೇನಂದರೆ ಉಪದೇಶ. ಹಣ ಕೊಡುವ ಹಿರಿಯನು ಆಕೆಯ ನಡತೆಯನ್ನೂ ಅಡಿಗೆಮನೆಯನ್ನೂ ವಿಚಾರಿಸದೆ ಹಿಂದಿರುಗುವದು ಅಪರೂಪ.

ದೇಶದ ಕಾನೂನು ಈ ವಿಷಯದಲ್ಲಿ ಮೆಲ್ಲಮೆಲ್ಲನೆ ನಡೆದು ಬಂದಿದೆ. 1973ರ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮು ಹಿಂದೂ, ಮುಸಲ್ಮಾನ, ಕ್ರೈಸ್ತರೆಂಬ ಭೇದವಿಲ್ಲದೆ ಎಲ್ಲರಿಗೂ ಸಲ್ಲುವಂಥದ್ದಾಗಿತ್ತು; ಮಗುವು ವಿವಾಹದಿಂದ ಹುಟ್ಟಿದ್ದೋ ಅಲ್ಲವೋ ಎಂದು ಕೂಡಾ ಅದು ಕೇಳಲಿಲ್ಲ. ಆದರೆ ತಿಂಗಳಿಗೆ 500 ರೂಪಾಯಿಗಿಂತ ಹೆಚ್ಚಿಗೆ ಕೊಡಿಸಲಿಕ್ಕೆ ಅದರಲ್ಲಿ ಅಧಿಕಾರವಿರಲಿಲ್ಲ. ಆ ಮಿತಿಯನ್ನು 2001ರಲ್ಲಿ ತೆಗೆದುಹಾಕಿದರು. 2024ನೇ ಜುಲೈ 1ರಿಂದ ಆ ಕಲಮಿನ ಸ್ಥಳದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮು ಬಂದಿದೆ. ಕೊಡದೆ ತಪ್ಪಿಸಿಕೊಳ್ಳುವವನನ್ನು ಬಾಕಿಯಿರುವ ಒಂದೊಂದು ತಿಂಗಳಿಗೆ ಒಂದು ತಿಂಗಳ ವರೆಗೆ ಸೆರೆಯಲ್ಲಿಡಬಹುದು. ಸೆರೆವಾಸ ಅನುಭವಿಸಿದ ಮಾತ್ರಕ್ಕೆ ಸಾಲ ತೀರಲಿಲ್ಲವೆಂದು ಸುಪ್ರೀಂ ಕೋರ್ಟು 1988ರಲ್ಲಿ ಕುಲದೀಪ್ ಕೌರ್ ಎಂಬಾಕೆಯ ವ್ಯಾಜ್ಯದಲ್ಲಿ ತೀರ್ಪು ಮಾಡಿತು. ಇದು ನ್ಯಾಯವಾದ ಮಾತು. ತಂದೆಯು ಜೈಲಿನಲ್ಲಿ ಕೂತರೆ ಮಗುವಿನ ಗಂಗಾಳಕ್ಕೆ ಏನು ಬಿದ್ದ ಹಾಗಾಯಿತು?

ನೇರ ಪಾವತಿಯ ದಾರಿಯನ್ನು ತೆರೆದದ್ದು ಕೌಟುಂಬಿಕ ಹಿಂಸೆಯಿಂದ ಸ್ತ್ರೀಯರನ್ನು ಕಾಪಾಡುವ 2005ರ ಕಾನೂನು. ಅದರ 20ನೇ ಕಲಮಿನ ಮೇರೆಗೆ, ಗಂಡನು ಆಜ್ಞೆಯ ಪ್ರಕಾರ ಕೊಡದೆ ಹೋದರೆ ಅವನ ಸಂಬಳದಲ್ಲಿ ಒಂದು ಪಾಲನ್ನು ನೇರವಾಗಿ ಹೆಂಡತಿಗೆ ಕೊಡಬೇಕೆಂದು ಮ್ಯಾಜಿಸ್ಟ್ರೇಟರು ಅವನ ಯಜಮಾನನಿಗೇ ಅಪ್ಪಣೆ ಮಾಡಬಹುದು. ಅಮೇರಿಕದಲ್ಲಿ ಇದು ದೊಡ್ಡ ಏರ್ಪಾಡಾಗಿ ಬೆಳೆದಿದೆ. 1996ರ ಕಾನೂನಿನಿಂದ ಅಲ್ಲಿಯ ಪ್ರತಿ ಸಂಸ್ಥಾನವೂ ಜೀವನಾಂಶವನ್ನು ಕೂಡಿಸಿ ಹಂಚುವ ಒಂದು ಕಚೇರಿಯನ್ನು ಇಡಬೇಕಾಯಿತು. ಆಮೇಲೆ ಅನೇಕ ಸಂಸ್ಥಾನಗಳು ಕಾಗದದ ಚೆಕ್ಕನ್ನು ಬಿಟ್ಟು ಖಾತೆಗೂ ಕಾರ್ಡಿಗೂ ಹಣ ತುಂಬಲಾರಂಭಿಸಿದವು. ಕಾರ್ಡಿನಿಂದ ಹಣ ತೆಗೆದಾಗ ಹಿಡಿಯುವ ಶುಲ್ಕದ ವಿಷಯವಾಗಿ ಅಲ್ಲಿಯ ತಾಯಂದಿರು ಗೊಣಗಿದ್ದೂ ಉಂಟು.

ನಮ್ಮಲ್ಲಿ ಅಂಥ ಕಚೇರಿ ಇಲ್ಲ. ಆದರೂ ಖಾತೆಯು ಹಳ್ಳಿಯ ಹೆಂಗಸಿಗೆ ಹೊಸದಲ್ಲ. 2014ರ ಜನಧನ ಯೋಜನೆಯಿಂದ ಖಾತೆಯೂ ರುಪೇ ಕಾರ್ಡೂ ಬಂದವು. 2023ನೇ ಆಗಸ್ಟ್ 30ರಂದು ಆರಂಭವಾದ ಗೃಹಲಕ್ಷ್ಮಿಯ 2000 ರೂಪಾಯಿಯು ಮನೆಯ ಯಜಮಾನಿಯ ಖಾತೆಗೇ ಬೀಳುವಂತೆ ಏರ್ಪಾಡಾಯಿತು. ಗ್ರಾಮೀಣ ಬ್ಯಾಂಕಿನ ಪ್ರಧಾನ ಕಚೇರಿಯು ನಮ್ಮ ಬಳ್ಳಾರಿಯಲ್ಲಿಯೇ ಇದೆ. ಹೀಗಿರಲಾಗಿ ಜೀವನಾಂಶವೂ ಅದೇ ದಾರಿಯಲ್ಲಿ ಯಾಕೆ ಬರಬಾರದು?

ಇದಕ್ಕೆ ಕೆಲವರು ಹೇಳುವ ಆಕ್ಷೇಪಣೆಯು ಲಘುವಾದದ್ದಲ್ಲ. ಹೇಗಂದರೆ, ಹಣವು ಯಂತ್ರದಿಂದ ಬಂದರೆ ಅದರಲ್ಲಿ ತಂದೆ ಎಲ್ಲಿ? ಕೈಯಾರೆ ಕೊಡುವವನು ಬಾಗಲ ವರೆಗಾದರೂ ಬರುವನು, ಮಗುವಿನ ಮುಖವನ್ನು ನೋಡುವನು, ಅದರ ಅಂಗಿ ಹರಿದದ್ದನ್ನು ಕಾಣುವನು. ಖಾತೆಗೆ ಕಟ್ಟುವವನು ಕರೆಂಟು ಬಿಲ್ಲು ಕಟ್ಟಿದ ಹಾಗೆ ಕಟ್ಟಿ ಮರೆತುಬಿಡುವನು. ಸಂಬಳದಲ್ಲಿಯೇ ಹಿಡಿದರಂತೂ ಅವನು ಕೊಟ್ಟನೆಂದು ಹೇಳುವದೇ ತಪ್ಪು. ಅವನಿಂದ ತೆಗೆದುಕೊಂಡರು, ಅಷ್ಟೇ.

ಈ ಮಾತನ್ನು ಬಹಳ ಯೋಚಿಸಿದ ಮೇಲೆಯೂ ನಾನು ಖಾತೆಯ ಪಕ್ಷವನ್ನೇ ಹಿಡಿಯುತ್ತೇನೆ. ಯಾಕಂದರೆ ಬಾಗಲ ವರೆಗೆ ಬರುವ ತಂದೆಯು ಅನೇಕ ಸಾರಿ ಹಣವನ್ನು ಕೀಲಿಕೈಯಂತೆ ಹಿಡಿದುಕೊಂಡು ಬರುವನು. ಮಗುವನ್ನು ತೋರಿಸಿದರೆ ಕೊಡುತ್ತೇನೆ, ಕೇಸು ಹಿಂದಕ್ಕೆ ತೆಗೆದರೆ ಕೊಡುತ್ತೇನೆ ಅನ್ನುವನು. ತಾಯಿಯೂ ಹಣ ಕೊಟ್ಟರೆ ಮಾತ್ರ ಮಗುವನ್ನು ಹೊರಗೆ ಕಳುಹಿಸುವಳು. ಹೀಗೆ ಇಬ್ಬರ ನಡುವೆ ಮಗುವು ಒತ್ತೆಯ ಒಡವೆಯಾಗುವದು. ಮಗುವಿನ ಊಟವೊಂದು, ತಂದೆಮಕ್ಕಳ ಭೇಟಿ ಮತ್ತೊಂದು. ಒಂದನ್ನು ಕೊಟ್ಟು ಮತ್ತೊಂದನ್ನು ಕೊಳ್ಳುವ ವ್ಯಾಪಾರಕ್ಕೆ ಖಾತೆಯು ಎಡೆ ಕೊಡುವದಿಲ್ಲ. ಹಣವು ತನ್ನಷ್ಟಕ್ಕೆ ಬಂದು ಬಿದ್ದ ಮೇಲೆ ತಂದೆಯು ಮಗುವನ್ನು ಕಾಣಲು ಬಂದರೆ, ಬರಿಗೈಯಲ್ಲಿ, ಮಗುವಿಗೋಸ್ಕರವೇ ಬಂದನೆಂದು ತಿಳಿಯಬಹುದು. ಬಾರದೆ ಹೋದರೆ ಅದೂ ತಿಳಿಯುವದು; ಮೊದಲು ಅವನನ್ನು ಕರೆತಂದದ್ದು ಪ್ರೀತಿಯೋ ಜಗಳದ ರುಚಿಯೋ ಎಂಬದು ಆಗ ಹೊರಬೀಳುವದು.

ಬಲಾತ್ಕಾರದಿಂದ ಕೊಟ್ಟದ್ದು ಧರ್ಮವೋ ಎಂದರೆ, ಕೊಟ್ಟವನಿಗೆ ಅದರಿಂದ ಹೆಚ್ಚಿನ ಪುಣ್ಯವಿಲ್ಲವೆಂದು ಒಪ್ಪಬೇಕು. ಆದರೆ ಮಗುವು ಕೇಳುವದು ಧರ್ಮವನ್ನಲ್ಲ, ತನ್ನ ಪಾಲನ್ನು. ಸಾಲಗಾರನು ನಗುತ್ತಾ ಕೊಟ್ಟರೂ ಅಳುತ್ತಾ ಕೊಟ್ಟರೂ ಸಾಲವು ತೀರಲೇಬೇಕು. ಕೈಯಾರೆ ಪಡೆದಾಗ ತಾಯಿಯು ದಾನ ಪಡೆದವಳಂತೆ ತಲೆ ತಗ್ಗಿಸುತ್ತಿದ್ದಳು. ಪಾಸ್‌ಬುಕ್ಕಿನಲ್ಲಿ ಅಚ್ಚಾದ ಸಾಲಿಗೆ ಯಾರೂ ತಲೆ ತಗ್ಗಿಸಬೇಕಾಗಿಲ್ಲ. ಕೊಟ್ಟೆ, ಕೊಡಲಿಲ್ಲ ಎಂಬ ವಿವಾದಕ್ಕೂ ಆ ಸಾಲು ಸಾಕ್ಷಿಯಾಗುವದು, ಪ್ರಾಮಾಣಿಕನಾದ ತಂದೆಗೆ ಸಹ.

ಆದರೂ ಯಂತ್ರದ ಕೈ ಎಷ್ಟು ಉದ್ದವೆಂಬದನ್ನು ನೋಡಬೇಕು. ಸಂಬಳ ಹಿಡಿಯುವದು ಸಂಬಳವಿದ್ದವನಿಂದ. ಸಿರುಗುಪ್ಪದ ಭತ್ತದ ಗದ್ದೆಯಲ್ಲಿ ನಾಟಿಯ ಕಾಲಕ್ಕೆ ಒಬ್ಬರ ಹತ್ತಿರ, ಕೊಯ್ಲಿನ ಕಾಲಕ್ಕೆ ಮತ್ತೊಬ್ಬರ ಹತ್ತಿರ ದುಡಿದು, ನಡುವೆ ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋಗುವವನಿಗೆ ಯಜಮಾನನು ಯಾರು? ಅಂಥವನ ಮಕ್ಕಳಿಗೆ ಖಾತೆ ಇದ್ದರೂ ಅದರಲ್ಲಿ ಬೀಳುವದು ಅವನ ಮನಸ್ಸು ಬಂದಷ್ಟೇ. ಇಲ್ಲಿ ಊರಿನ ನಾಚಿಕೆಯೂ ಹಿರಿಯರ ಮಾತೂ ಇನ್ನೂ ಬೇಕು. ಹಿರಿಯರು ಹಣವನ್ನು ಮುಟ್ಟದೆ, ಕಟ್ಟಿದೆಯಾ ಎಂದು ಅವನನ್ನು ಮಾತ್ರ ಕೇಳಲಿ. ಆಕೆಯ ಅಡಿಗೆಮನೆಯನ್ನು ಬಿಡಲಿ.

ಇನ್ನು ಕಾರ್ಡಿನ ಸಂಗತಿ. ಖಾತೆಯು ತಾಯಿಯ ಹೆಸರಿನಲ್ಲಿದ್ದು, ಕಾರ್ಡು ಅಣ್ಣನ ಜೇಬಿನಲ್ಲಿಯೋ ಸಾಲ ಕೊಟ್ಟ ಅಂಗಡಿಯವನ ಗಲ್ಲೆಯಲ್ಲಿಯೋ ಇದ್ದು, ಗುಪ್ತ ಸಂಖ್ಯೆಯು ಕಾರ್ಡಿನ ಹಿಂದೆಯೇ ಬರೆದಿದ್ದರೆ, ಗಂಡನ ಕೈಯಿಂದ ಬಿಡಿಸಿದ ಹಣವನ್ನು ಮತ್ತೊಬ್ಬನ ಕೈಗೆ ಕೊಟ್ಟ ಹಾಗಾಯಿತು. ಓದು ಬಾರದವಳಿಗೆ ನಾಲ್ಕು ಅಂಕೆಗಳನ್ನು ನೆನಪಿಡುವದು ಕಷ್ಟವೆಂದು ಹೇಳುವರು. ಸಂತೆಯಲ್ಲಿ ಮೆಣಸಿನಕಾಯಿಯ ಲೆಕ್ಕವನ್ನು ಬಾಯಲ್ಲೇ ಮಾಡುವವಳಿಗೆ ಅದು ಕಷ್ಟವಲ್ಲ, ಕಲಿಸುವವರಿಲ್ಲ. ಶಾಲೆಗೆ ಹೋಗುವ ಅವಳ ಮಗಳೇ ಒಂದು ಸಾಯಂಕಾಲ ಕಲಿಸಬಹುದು. ಆ ಹಣವು ಮಗಳದೇ ಅಲ್ಲವೇ.