ದೋಷವೆಲ್ಲಿ, ನಿಂದೆ ಯಾರಿಗೆ?

ಕೆಟ್ಟುದನ್ನು ನಿಂದಿಸುವುದು ಸುಲಭ. ಕೆಡಲು ಕಾರಣವನ್ನು ಅರಿಯುವುದು ಕಷ್ಟ. ಇಂಗ್ಲೆಂಡಿನಲ್ಲಿ 1994ರಿಂದ 2001ರವರೆಗೆ ತಯಾರಾದ ರೇಂಜ್ ರೋವರ್ ಎಂಬ ಐಷಾರಾಮದ ವಾಹನವು ಗಾಳಿ ತುಂಬಿದ ರಬ್ಬರ್ ಚೀಲಗಳ ಮೇಲೆ ನಿಲ್ಲುತ್ತದೆ. ಕಾಲಕ್ರಮದಲ್ಲಿ ರಬ್ಬರ್ ಬಿರಿದು ಗಾಳಿ ಸೋರುತ್ತದೆ. ಸೋರಿದುದನ್ನು ತುಂಬಲು ಕಂಪ್ರೆಸರ್ ವಿಶ್ರಾಂತಿಯಿಲ್ಲದೆ ದುಡಿದು ಕೆಡುತ್ತದೆ. ಮನೆಯಲ್ಲಿಯೇ ದುರಸ್ತಿಗೆ ತೊಡಗಿದ ಯಜಮಾನನು ಅದನ್ನೇ ದೂಷಿಸಿ ಹೊಸದನ್ನು ಜೋಡಿಸುತ್ತಾನೆ. ಬಿರುಕು ಉಳಿದಿರುವುದರಿಂದ ಅದೂ ಕೆಡುತ್ತದೆ. ಆಗ ಅವನ ಕೋಪವು ಇಡೀ ವಾಹನದ ಮೇಲೆ ತಿರುಗುತ್ತದೆ. ಸಾಬೂನು ನೀರನ್ನು ಸವರಿ, ಗುಳ್ಳೆಯೇಳುವ ಸ್ಥಳವನ್ನು ಹುಡುಕುವ ತಾಳ್ಮೆಯಿದ್ದಿದ್ದರೆ ಕಾರಣವು ಕಣ್ಣಿಗೆ ಬೀಳುತ್ತಿತ್ತು.

ಸಂಸಾರದಲ್ಲಿಯೂ ಹೀಗೆಯೇ ಅಲ್ಲವೇ? ಕೊರತೆ ಒಂದೆಡೆ, ನಿಂದೆ ಮಾತ್ರ ಅದನ್ನು ತುಂಬಲು ಹಗಲಿರುಳು ದುಡಿದು ಬಳಲಿದವರಿಗೆ. ಸೋರಿಕೆಯನ್ನು ಹುಡುಕದೆ ದುಡಿದವರನ್ನು ದಂಡಿಸುವುದು ನ್ಯಾಯವೇ? ಸಹೃದಯರು ವಿಚಾರಿಸಬೇಕು.