ಮುರಿದ ಸೂಜಿಯ ಋಣ

ಟೋಕಿಯೋದ ಅಸಾಕುಸಾದಲ್ಲಿ ಸೆನ್ಸೋಜಿ ಎಂಬ ಹಳೆಯ ಬೌದ್ಧ ದೇವಾಲಯವಿದೆ. ಪ್ರತಿ ವರ್ಷ ಫೆಬ್ರವರಿ 8ರಂದು ಅದರ ಆವರಣದ ಅವಾಶಿಮಾ ಗುಡಿಗೆ ಹೊಲಿಗೆಯವರು ಮುರಿದ, ಬಾಗಿದ, ತುಕ್ಕು ಹಿಡಿದ ಸೂಜಿಗಳನ್ನು ತರುತ್ತಾರೆ. ಅಲ್ಲಿಟ್ಟಿರುವ ದೊಡ್ಡ ಟೋಫುವಿನ ಗಡ್ಡೆಗೆ ಒಂದೊಂದನ್ನೇ ಚುಚ್ಚಿ ಕೈಮುಗಿಯುತ್ತಾರೆ. ಬದುಕಿಡೀ ಒರಟು ಬಟ್ಟೆಯನ್ನು ಸೀಳಿಕೊಂಡು ಹೋದದ್ದು ಕೊನೆಗಾದರೂ ಮೆತ್ತಗಿನ ಜಾಗದಲ್ಲಿ ಮಲಗಲಿ ಎಂದು. ಕೆಲವೆಡೆ ಟೋಫುವಿನ ಬದಲು ಕೊನ್ಯಾಕು ಇರುತ್ತದೆ. ನಮ್ಮ ಸುವರ್ಣಗೆಡ್ಡೆಯ ಬಳಗಕ್ಕೇ ಸೇರಿದ ಗೆಡ್ಡೆಯಿಂದ ಮಾಡುವ ತಿನಿಸು ಅದು. ಕ್ಯೋಟೋದ ಕಡೆ ಇದೇ ಆಚರಣೆ ಡಿಸೆಂಬರ್ 8ಕ್ಕೆ. ಆ ದಿನ ಹೊಲಿಗೆಗೆ ರಜೆ ಎಂಬುದು ಹಿಂದಿನಿಂದ ಬಂದ ಪದ್ಧತಿ.

ಇದರ ಹೆಸರು ‘ಹರಿ-ಕುಯೋ’. ಹರಿ ಎಂದರೆ ಸೂಜಿ. ನಮ್ಮ ಹರಿಗೂ ಅದಕ್ಕೂ ನಂಟಿಲ್ಲ. ನಂಟಿರುವುದು ‘ಕುಯೋ’ಗೆ. ಸಂಸ್ಕೃತದ ‘ಪೂಜಾ’ ಎಂಬುದಕ್ಕೆ ಚೀನಾದ ಬೌದ್ಧರು ಕೊಟ್ಟ ಪದದ ಜಪಾನೀ ಉಚ್ಚಾರ ಅದು. ಈಗ ಜಪಾನಿನಲ್ಲಿ ಹೆಚ್ಚಾಗಿ ಸತ್ತವರಿಗೆ ಸಲ್ಲಿಸುವ ವಿಧಿಗೆ ಆ ಮಾತು ಬಳಕೆಯಾಗುತ್ತದೆ.

ನಾನು ಪಿಎಚ್‌ಡಿ ಮಾಡುತ್ತಿರುವುದು ಕೃತಜ್ಞತೆಯ ಬಗ್ಗೆ. ಈ ಕ್ಷೇತ್ರದಲ್ಲಿ ಹೆಚ್ಚಿನವರು ಒಪ್ಪುವ ಮಾತೊಂದಿದೆ: ನನಗೆ ಒಳ್ಳೆಯದಾಗಲಿ ಎಂದು ಯಾರೋ ಬೇಕೆಂದೇ ಮಾಡಿದಾಗ ಮಾತ್ರ ಕೃತಜ್ಞತೆ ಹುಟ್ಟಲು ಸಾಧ್ಯ. ಸೂಜಿಗೆ ಇಚ್ಛೆಯಿಲ್ಲ, ಆದ್ದರಿಂದ ಸೂಜಿಗೆ ಕೈಮುಗಿಯುವುದು ತಪ್ಪು ವಿಳಾಸಕ್ಕೆ ಬರೆದ ಕಾಗದ. ಕಾಂಟ್ 1797ರಲ್ಲಿ, ಬಹಳ ಕಾಲ ದುಡಿದ ಮುದಿ ಕುದುರೆಯ ಬಗೆಗಿನ ಕೃತಜ್ಞತೆಯೂ ನೇರವಾಗಿ ನಮ್ಮ ಬಗ್ಗೆ ನಮಗಿರುವ ಕರ್ತವ್ಯವೇ ಎಂದು ವಾದಿಸಿದ. ಕುದುರೆಗೇ ಹೀಗೆಂದ ಮೇಲೆ ಸೂಜಿಯ ಪಾಡೇನು! ನಾನೂ ಹರಿ-ಕುಯೋವನ್ನು ಎರಡು ಸಾಲಿನ ಅಡಿಟಿಪ್ಪಣಿಗೆ ತಳ್ಳಿ ಮುಂದೆ ಹೋಗಿದ್ದೆ.

ಆದರೆ ಅದು ಕೊರೆಯುತ್ತಲೇ ಇತ್ತು. ಆಯುಧಪೂಜೆಯ ದಿನ ಅಮ್ಮ ಹೊಲಿಗೆ ಮಷಿನ್ನಿಗೆ ಕುಂಕುಮವಿಟ್ಟು ಹೂ ಮುಡಿಸುತ್ತಾಳೆ. ಮರುದಿನ ಅದು ಮತ್ತೆ ದುಡಿಯಬೇಕು. ಅಸಾಕುಸಾದಲ್ಲಿ ಪೂಜೆಯಾಗುವುದು ಇನ್ನೆಂದೂ ದುಡಿಯಲಾರದ್ದಕ್ಕೆ. ಹೊಲಿಗೆಯ ಕೈ ಪಳಗಲಿ ಎಂಬ ಬೇಡಿಕೆ ಅಲ್ಲಿಯೂ ಇದೆ, ಇಲ್ಲವೆನ್ನಲಾರೆ. ಆದರೂ ಮುರಿದ ಸೂಜಿಯಿಂದ ಇನ್ನೇನೂ ಗಿಟ್ಟುವುದಿಲ್ಲ.

ಮುರೊಮಾಚಿ ಕಾಲದ ಕಥೆಯೊಂದು ಚಿತ್ರಸುರುಳಿಗಳಲ್ಲಿ ಉಳಿದುಬಂದಿದೆ. ವರ್ಷದ ಕೊನೆಯಲ್ಲಿ ಮನೆ ಗುಡಿಸುವಾಗ ಬೀದಿಗೆಸೆದ ಹಳೆಯ ಸಾಮಾನುಗಳು ಸಭೆ ಸೇರುತ್ತವೆ. ಇಷ್ಟು ವರ್ಷ ದುಡಿಸಿಕೊಂಡು ಹೀಗೆ ಬಿಸಾಡಿದರಲ್ಲ ಎಂದು ಅವಕ್ಕೆ ಸಿಟ್ಟು. ಜಪಮಾಲೆಯೊಂದು ಮಾತ್ರ ಸಮಾಧಾನ ಹೇಳಲು ಹೋಗಿ ಒದೆ ತಿನ್ನುತ್ತದೆ. (ನಮ್ಮ ಸಭೆಗಳಲ್ಲೂ ಜಪಮಾಲೆಗಳ ಗತಿ ಇದೇ.) ಸಾಮಾನುಗಳು ಪಿಶಾಚಿಗಳಾಗಿ ಮನುಷ್ಯರನ್ನು ಕಾಡಿ, ಸೋತು, ಕೊನೆಗೆ ಬುದ್ಧತ್ವ ಪಡೆಯುತ್ತವೆ. ಶಿಂಗೋನ್ ಪಂಥದ ಹಿರಿಮೆ ಸಾರಲು ಬರೆದದ್ದೇನೋ ಸರಿ, ಆದರೆ ಆ ಸಿಟ್ಟು ಪಂಥದ್ದಲ್ಲ. ದುಡಿಸಿಕೊಂಡು ಬಿಟ್ಟವರನ್ನು ಕಂಡವರಿಗೆಲ್ಲ ಗೊತ್ತಿರುವಂಥದ್ದು.

ನನಗೊಂದು ಅನುಮಾನವೂ ಇದೆ. ಸೋನಿ ಕಂಪನಿ ತನ್ನ ‘ಐಬೋ’ ಎಂಬ ಯಂತ್ರನಾಯಿಗಳ ರಿಪೇರಿಯನ್ನು 2014ರಲ್ಲಿ ನಿಲ್ಲಿಸಿದ ಮೇಲೆ, ಚಿಬಾ ಪ್ರಾಂತ್ಯದ ಕೋಫುಕುಜಿ ದೇವಾಲಯದಲ್ಲಿ ಅವುಗಳಿಗೂ ಕುಯೋ ನಡೆಯತೊಡಗಿತು. ಸಾಲಾಗಿ ಕೂತ ನಾಯಿಗಳ ಮುಂದೆ ಭಿಕ್ಷು ಮಂತ್ರ ಹೇಳುವ ಫೋಟೋ ನೋಡಿ ಮನಸ್ಸು ಕರಗಿತು. ಮರುಕ್ಷಣ ಅನ್ನಿಸಿತು, ಮಂತ್ರ ಹೇಳಿಸಿಬಿಟ್ಟರೆ ಎಸೆಯುವುದು ಸಲೀಸಾಗುವುದಿಲ್ಲವೇ? ಧನ್ಯವಾದವೆಂಬುದು ಲೆಕ್ಕ ಚುಕ್ತಾ ಆಯಿತೆಂಬ ರಸೀದಿಯೂ ಆಗಬಹುದು.

ಒಂದು ಸಂಜೆ ಅಮ್ಮನಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದೆ. ಅವಳು ರವಿಕೆ ಹೊಲಿದೇ ನನ್ನನ್ನು ಓದಿಸಿದವಳು.

“ಮುರಿದ ಸೂಜಿ ನೀನೇನು ಮಾಡ್ತೀಯಮ್ಮ?”

“ಪೇಪರಲ್ಲಿ ನಾಕು ಸುತ್ತು ಸುತ್ತಿ, ದಾರ ಕಟ್ಟಿ ಹಾಕ್ತೀನಿ. ಕಸ ಎತ್ತೋರ ಕೈಗೆ ಚುಚ್ಚಬಾರದಲ್ಲ. ಅವರ ಋಣ ನಮ್ಮ ಮೇಲಿರುತ್ತೆ ಕಣೋ.”

ಅಮ್ಮ ಸೂಜಿಯನ್ನು ನೆನೆಯಲೇ ಇಲ್ಲ. ಅವಳ ಕಣ್ಣು ಹೋದದ್ದು ತಾನು ಮುಖವನ್ನೂ ನೋಡಿರದ ಯಾರದೋ ಕೈಯ ಮೇಲೆ. ಟೋಫುವಿನ ಮೆತ್ತಗೆಗಿಂತ ಈ ನಾಲ್ಕು ಸುತ್ತು ಕಾಗದವೇ ದೊಡ್ಡದು ಎಂದು ಮೊದಲು ಅನ್ನಿಸಿತು. ಆಮೇಲೆ ಆ ‘ಋಣ’ ಎಂಬ ಮಾತಿನಲ್ಲಿ ಸಿಕ್ಕಿಕೊಂಡೆ. ಉಪಕಾರಕ್ಕೆ ಉಪಕಾರಿ ಬೇಕು. ಋಣಕ್ಕೆ ಬೇಡ. ನೀರಿನ ಋಣ, ಮಣ್ಣಿನ ಋಣ, ಅನ್ನದ ಋಣ ಎನ್ನುತ್ತೇವೆ. ನೀರು ನಮ್ಮ ಒಳಿತನ್ನು ಬಯಸಿತ್ತೇ ಎಂದು ಯಾರೂ ಕೇಳುವುದಿಲ್ಲ. ಕೊಟ್ಟವರ ಮನಸ್ಸಿನಲ್ಲಿ ಏನಿತ್ತು ಎಂಬುದರಿಂದಲ್ಲ, ಪಡೆದವರ ಬದುಕು ಯಾವುದರ ಮೇಲೆ ನಿಂತಿದೆ ಎಂಬುದರಿಂದ ಋಣ ಹುಟ್ಟುತ್ತದೆ. ಆ ಲೆಕ್ಕದಲ್ಲಿ ಸೂಜಿಯೂ ಇದೆ, ಕಸ ಎತ್ತುವವರೂ ಇದ್ದಾರೆ. ಒಂದನ್ನು ತೀರಿಸಿ ಇನ್ನೊಂದರಿಂದ ತಪ್ಪಿಸಿಕೊಳ್ಳಲಾಗದು. ಟೋಫುವಿಗೆ ಚುಚ್ಚಿದ ಸೂಜಿಗಳನ್ನೂ ಕೊನೆಗೆ ಯಾರದೋ ಕೈ ಎತ್ತಲೇಬೇಕಲ್ಲ.

ಅಡಿಟಿಪ್ಪಣಿಯನ್ನು ತೆಗೆದು ಮೂರನೇ ಅಧ್ಯಾಯದೊಳಗೇ ಸೇರಿಸಿದ್ದೇನೆ. ‘ಋಣ’ವನ್ನು ಇಂಗ್ಲಿಷಿಗೆ ತರದೆ ಹಾಗೇ ಬಿಟ್ಟಿದ್ದೇನೆ. ಗೈಡ್ ಇನ್ನೂ ಓದಿಲ್ಲ.